ತೊಟ್ಟಿಲ ಕೂಸಿಗೆ ಸಕ್ಕರೆ ಕಾಯಿಲೆ: ಸೂಜಿ ಬಿಡಿಸಿದ ಹಳೆಯ ಗುಳಿಗೆ

ಹುಟ್ಟಿ ಎರಡು ತಿಂಗಳು ತುಂಬಿಲ್ಲ. ತಾಯಿಯ ಹಾಲಲ್ಲದೆ ಬೇರೇನೂ ಬಾಯಿಗೆ ಹೋಗಿಲ್ಲ, ಬೆಲ್ಲದ ಚೂರನ್ನೂ ನೆಕ್ಕಿಲ್ಲ. ಅಂಥ ಕೂಸಿನ ರಕ್ತದಲ್ಲಿ ಸಕ್ಕರೆ ನಾನೂರು, ಐನೂರು, ಆರುನೂರು! ಹೀಗೂ ಆಗುವುದುಂಟೇ? ಉಂಟು. ಹುಟ್ಟುವ ಸುಮಾರು ಒಂದು ಲಕ್ಷ ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಅದಕ್ಕಿಂತ ದೊಡ್ಡ ಅಚ್ಚರಿ ಇನ್ನೊಂದಿದೆ. ಬದುಕಿಡೀ ಇನ್ಸುಲಿನ್ ಸೂಜಿಯೇ ಗತಿ ಎಂದುಕೊಂಡಿದ್ದ ಈ ಮಕ್ಕಳಲ್ಲಿ ಎಷ್ಟೋ ಮಂದಿ ಇಂದು ಸೂಜಿ ಬಿಟ್ಟು, ನಮ್ಮ ಅಜ್ಜ-ಅಜ್ಜಿಯರು ದಶಕಗಳಿಂದ ನುಂಗುತ್ತ ಬಂದ ಅಗ್ಗದ ಗುಳಿಗೆಯೊಂದರ ಮೇಲೆ ಬೆಳೆಯುತ್ತಿದ್ದಾರೆ!

ಇಂಥ ಕೂಸು ನಮ್ಮ ಸೀಮೆಯಲ್ಲಿ ಹುಟ್ಟಿದರೆ ಯಾರಿಗಾದರೂ ತಿಳಿದೀತೇ? ಹಿರಣ್ಯಕೇಶಿ ನದಿ ಆಜರಾದಿಂದ ಗಡಹಿಂಗ್ಲಜಕ್ಕೆ, ಅಲ್ಲಿಂದ ಸಂಕೇಶ್ವರದ ಕಡೆಗೆ ಹರಿದು ಘಟಪ್ರಭೆಯನ್ನು ಸೇರುತ್ತದೆ. ಈ ದಂಡೆಯಲ್ಲಿ ಕಬ್ಬಿದೆ, ಪರಿಮಳದ ಘನಸಾಳ ಭತ್ತವಿದೆ, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ಮನೆತನಗಳಿವೆ. ಇಲ್ಲಿ ಸಕ್ಕರೆ ಕಾಯಿಲೆ ಎಂದರೆ ವಯಸ್ಸಾದವರ ಕಾಯಿಲೆ. ಕೂಸು ಸೊರಗಿದರೆ ದೃಷ್ಟಿ ತಗುಲಿತೆನ್ನುತ್ತಾರೆ, ಹಾಲು ಸಾಲದೆನ್ನುತ್ತಾರೆ, ಹೆಚ್ಚೆಂದರೆ ನಂಜಾಯಿತು ಎನ್ನುತ್ತಾರೆ. ರಕ್ತದ ಸಕ್ಕರೆ ನೋಡೋಣ ಎಂದು ಯಾರಿಗೆ ಹೊಳೆದೀತು?

ಆದರೆ ಕೂಸು ಸುಳಿವು ಕೊಡುತ್ತಲೇ ಇರುತ್ತದೆ. ಹುಟ್ಟುವಾಗಲೇ ತೂಕ ಕಡಿಮೆ. ಏಕೆಂದರೆ ಗರ್ಭದೊಳಗೆ ಮಗುವನ್ನು ಬೆಳೆಸುವ ಮುಖ್ಯ ಶಕ್ತಿಗಳಲ್ಲಿ ಇನ್ಸುಲಿನ್ ಒಂದು, ಅದೂ ತಾಯಿಯದಲ್ಲ, ಮಗು ತನಗೆ ತಾನೇ ತಯಾರಿಸಿಕೊಳ್ಳುವ ಇನ್ಸುಲಿನ್! ಆಮೇಲೆ ಎಷ್ಟು ಹಾಲು ಕುಡಿದರೂ ಮೈ ಹಿಡಿಯುವುದಿಲ್ಲ. ಬಟ್ಟೆ ಮತ್ತೆ ಮತ್ತೆ ಒದ್ದೆಯಾಗುತ್ತದೆ, ಅಂಟಂಟಾಗುತ್ತದೆ, ಕೆಲವೊಮ್ಮೆ ಅದಕ್ಕೆ ಇರುವೆ ಮುತ್ತುತ್ತದೆ. ಕೊನೆಗೆ ನಾಲಿಗೆ ಒಣಗಿ, ಉಸಿರು ಜೋರಾಗಿ, ಕೂಸು ಮಂಕಾಗುತ್ತದೆ. ಹೆರಿಗೆಯಾದ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುವ ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ತಕ್ಕಡಿಯೇ ಈ ಕಥೆಯ ಮೊದಲ ಸಾಕ್ಷಿಯಾಗಬಲ್ಲದು. ಹಿಮ್ಮಡಿಗೆ ಒಂದು ಚುಚ್ಚು, ಗ್ಲೂಕೋಮೀಟರಿಗೆ ಒಂದು ಹನಿ ರಕ್ತ. ಕೆಲವೇ ಕ್ಷಣಗಳಲ್ಲಿ ಸತ್ಯ ಹೊರಬೀಳುತ್ತದೆ.

ಹಸುಗೂಸಿನ ಸಕ್ಕರೆ ಏರಿದ್ದೆಲ್ಲ ಮಧುಮೇಹವಲ್ಲ. ದಿನ ತುಂಬುವ ಮುನ್ನ ಹುಟ್ಟಿದ ಪುಟ್ಟ ಮಕ್ಕಳಲ್ಲಿ ಗ್ಲೂಕೋಸ್ ಡ್ರಿಪ್ಪಿನಿಂದಲೋ ಸೋಂಕಿನಿಂದಲೋ ಸಕ್ಕರೆ ಏರಿ, ಕೆಲವು ದಿನಗಳಲ್ಲಿ ಇಳಿಯುತ್ತದೆ. ಮಧುಮೇಹವಿರುವ ತಾಯಿಯ ಕೂಸಿಗಂತೂ ಹುಟ್ಟಿದೊಡನೆ ಸಕ್ಕರೆ ಕುಸಿಯುವ ಭಯವೇ ಹೆಚ್ಚು. ಆದರೆ ಇಳಿಯಬೇಕಾದ ಸಕ್ಕರೆ ಇಳಿಯದೆ ನಿಂತರೆ, ಆರು ತಿಂಗಳೊಳಗೆ ಮಧುಮೇಹ ಕಾಣಿಸಿದರೆ, ಅದರ ಬೇರು ಹೆಚ್ಚಾಗಿ ಒಂದೇ ಒಂದು ಜೀನಿನಲ್ಲಿರುತ್ತದೆ!

ಆ ಬೇರನ್ನು ಹಿಡಿದು ಕೆಳಗಿಳಿಯೋಣ ಬನ್ನಿ. ಮೇದೋಜೀರಕ ಗ್ರಂಥಿಯ ಬೀಟಾ ಕೋಶದ ಗೋಡೆಯಲ್ಲಿ ಪೊಟ್ಯಾಸಿಯಂ ಹೊರಹೋಗುವ ಸೂಕ್ಷ್ಮ ದಾರಿಯೊಂದಿದೆ. ಕೆರೆಯ ತೂಬಿನಂತೆ ಅದು ತೆರೆಯುತ್ತದೆ, ಮುಚ್ಚುತ್ತದೆ. ಸಕ್ಕರೆ ಕೋಶದೊಳಗೆ ಉರಿದು ಶಕ್ತಿಯಾದಾಗ ತೂಬು ಮುಚ್ಚಬೇಕು. ಮುಚ್ಚಿದರೆ ಕೋಶದ ವಿದ್ಯುತ್ ಬದಲಾಗಿ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಇನ್ಸುಲಿನ್ ಹೊರಗೆ ಚಿಮ್ಮುತ್ತದೆ. ಈ ತೂಬನ್ನು ಕಟ್ಟುವುದು ಎಂಟು ತುಂಡು ಪ್ರೋಟೀನು, ನಾಲ್ಕು ಒಂದು ಬಗೆ, ನಾಲ್ಕು ಇನ್ನೊಂದು ಬಗೆ. ಎರಡರ ಜೀನುಗಳೂ 11ನೇ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕದಲ್ಲೇ ಕೂತಿವೆ! ಅವುಗಳಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೂ ಸಾಕು, ತೂಬು ಮುಚ್ಚುವುದನ್ನೇ ಮರೆಯುತ್ತದೆ. ಒಳಗೆ ಇನ್ಸುಲಿನ್ ತಯಾರಾಗಿ ಕಾದಿರುತ್ತದೆ, ಹೊರಬರುವ ಅಪ್ಪಣೆ ಸಿಗುವುದಿಲ್ಲ.

ಆ ಹಳೆಯ ಗುಳಿಗೆಯ ಕಥೆಗಾಗಿ ಈಗ 1942ಕ್ಕೆ ಹೋಗಬೇಕು, ಯುದ್ಧಕಾಲದ ಫ್ರಾನ್ಸಿನ ಮೊಂಪೆಲಿಯೆ ನಗರಕ್ಕೆ. ಮಾರ್ಸೆಲ್ ಜಾನ್‌ಬೊನ್ ಎಂಬ ವೈದ್ಯರು ವಿಷಮಶೀತ ಜ್ವರಕ್ಕೆ ಹೊಸ ಸಲ್ಫಾ ಔಷಧಿ ಕೊಟ್ಟರು. ರೋಗಿಗಳ ರಕ್ತದ ಸಕ್ಕರೆ ದಿಢೀರನೆ ಕುಸಿಯಿತು! ಅದರ ಕಾರಣದ ಬೆನ್ನು ಹತ್ತಿದವರು ಆಗಸ್ಟ್ ಲೂಬಾತಿಯೇರ್. ಆ ಹುಡುಕಾಟದಿಂದ ಸಲ್ಫೊನೈಲ್‌ಯೂರಿಯಾ ಗುಳಿಗೆಗಳ ವಂಶವೇ ಹುಟ್ಟಿತು. ಗ್ಲಿಬೆನ್‌ಕ್ಲಮೈಡ್ ಆ ವಂಶದ ಕುಡಿ. 1984ರಲ್ಲಿ ಫ್ರಾನ್ಸೆಸ್ ಆಶ್‌ಕ್ರಾಫ್ಟ್ ಬೀಟಾ ಕೋಶದಲ್ಲಿ ಸಕ್ಕರೆಗೆ ಮುಚ್ಚುವ ಆ ತೂಬನ್ನೇ ತೋರಿಸಿಕೊಟ್ಟರು. ಗುಳಿಗೆ ಮಾಡುತ್ತಿದ್ದ ಕೆಲಸವೂ ಬಯಲಾಯಿತು: ತೂಬನ್ನು ನೇರವಾಗಿ ಹಿಡಿದು ಮುಚ್ಚುವುದು!

2004ರಲ್ಲಿ ಎರಡೂ ದಾರಿ ಕೂಡಿದವು. ಇಂಗ್ಲೆಂಡಿನ ಎಕ್ಸೆಟರಿನ ಆಂಡ್ರ್ಯೂ ಹ್ಯಾಟರ್ಸ್ಲಿ, ಅನ್ನಾ ಗ್ಲಾಯ್ನ್, ಆಶ್‌ಕ್ರಾಫ್ಟ್ ಮತ್ತು ಸಂಗಡಿಗರು ಹುಟ್ಟಿನಿಂದಲೇ ಮಧುಮೇಹವಿದ್ದ 29 ಮಂದಿಯ ಜೀನು ಓದಿದರು. 10 ಮಂದಿಯಲ್ಲಿ ತೂಬಿನ ದೋಷ ಸಿಕ್ಕಿತು! ದೋಷ ತೂಬಿನದಾದರೆ ಗುಳಿಗೆಯೇ ಅದನ್ನು ಮುಚ್ಚಬಾರದೇಕೆ? 2006ರಲ್ಲಿ ಉತ್ತರ ಬಂತು. 49 ಮಂದಿಗೆ ಗುಳಿಗೆ ಕೊಟ್ಟು ನೋಡಿದರೆ 44 ಮಂದಿ ಇನ್ಸುಲಿನ್ ಪೂರ್ತಿ ಬಿಟ್ಟರು. ಸಕ್ಕರೆಯ ಹಿಡಿತವನ್ನು ತೋರಿಸುವ ಎಚ್‌ಬಿಎ1ಸಿ ಸರಾಸರಿ 8.1ರಿಂದ 12 ವಾರಗಳಲ್ಲಿ 6.4ಕ್ಕೆ ಇಳಿಯಿತು. ಸೂಜಿಗಿಂತ ಗುಳಿಗೆಯೇ ಮೇಲಾಯಿತು!

ಇದರ ಬೆಲೆ ಗೊತ್ತಾಗಬೇಕಾದರೆ ತೊಟ್ಟಿಲ ಪಕ್ಕ ಸಿರಿಂಜ್ ಹಿಡಿದು ಕೂತ ತಾಯಿಯನ್ನು ನೆನೆಯಬೇಕು. ನಮ್ಮಲ್ಲಿ ಸಿಗುವ ಸಾಮಾನ್ಯ ಇನ್ಸುಲಿನ್ ಬಾಟಲಿಯ ಒಂದು ಮಿಲಿಲೀಟರಿನಲ್ಲಿ 40 ಯೂನಿಟ್. ಕೂಸಿಗೆ ಒಂದು ಸಲಕ್ಕೆ ಅರ್ಧ ಯೂನಿಟ್ ಬೇಕೆಂದರೂ ಅದು ಒಂದು ಮಿಲಿಲೀಟರಿನ ಎಂಬತ್ತರಲ್ಲಿ ಒಂದು ಪಾಲು. ಕಣ್ಣಳತೆ ಕೊಂಚ ತಪ್ಪಿದರೆ ಸಕ್ಕರೆ ಕುಸಿದು ಮಿದುಳಿಗೇ ಕುತ್ತು.

ಎಲ್ಲ ಕೂಸುಗಳಿಗೂ ಗುಳಿಗೆ ಒಗ್ಗುವುದಿಲ್ಲ. ಇನ್ಸುಲಿನ್ ಜೀನೇ ಕೆಟ್ಟಿದ್ದರೆ ಸೂಜಿಯೇ ಬೇಕು. 6ನೇ ಕ್ರೋಮೋಸೋಮಿನ ದೋಷದಿಂದ ಬಂದ ಬಗೆಯಂತೂ ಕೆಲವು ತಿಂಗಳಲ್ಲಿ ತಾನೇ ಮಾಯವಾಗಿ, ಎಷ್ಟೋ ಮಂದಿಯಲ್ಲಿ ಹರೆಯಕ್ಕೆ ಬಂದಾಗ ಮರಳಿ ಬರುತ್ತದೆ! ತೂಬಿನ ದೋಷ ಬಹಳ ಸಲ ಕೂಸಿನಲ್ಲೇ ಹೊಸದಾಗಿ ಹುಟ್ಟಿದ್ದು. ತಾಯಿತಂದೆಯರಲ್ಲಿ ಅದರ ಕುರುಹೂ ಇರುವುದಿಲ್ಲ, ಯಾರನ್ನೂ ದೂರುವಂತಿಲ್ಲ. ಆದರೆ ವೊಲ್ಕಾಟ್-ರಾಲಿಸನ್ ಎಂಬ ಕಠಿಣ ಬಗೆ, ಮೂಳೆ ಮತ್ತು ಯಕೃತ್ತನ್ನೂ ಕಾಡುವಂಥದು, ತಾಯಿತಂದೆ ಇಬ್ಬರಿಂದಲೂ ಒಂದೊಂದು ದೋಷದ ಪ್ರತಿ ಬಂದಾಗ ಮಾತ್ರ ಹುಟ್ಟುತ್ತದೆ, ರಕ್ತಸಂಬಂಧದ ಮದುವೆಗಳಲ್ಲಿ ಹೆಚ್ಚು. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತರುವ ನಮ್ಮ ಸೀಮೆ ಇದನ್ನು ಕಿವಿಗೊಟ್ಟು ಕೇಳಬೇಕು. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ನವಜಾತ ಶಿಶುಗಳ ತಪಾಸಣೆಯಲ್ಲಿ ಸುಮಾರು ಮೂರರಲ್ಲಿ ಒಂದು ಕೂಸಿನ ತಾಯಿತಂದೆ ರಕ್ತಸಂಬಂಧಿಗಳೆಂದು ಕಂಡುಬಂದಿತ್ತು.

ಹಾಗಾದರೆ ಕೂಸಿನ ದೋಷ ಯಾವುದೆಂದು ಹೇಳುವವರು ಯಾರು? ಒಂದೆರಡು ಮಿಲಿಲೀಟರ್ ರಕ್ತ! ಒಂಬತ್ತು ತಿಂಗಳೊಳಗೆ ಮಧುಮೇಹ ಕಂಡ ಯಾವ ದೇಶದ ಮಗುವಿಗಾದರೂ ಎಕ್ಸೆಟರಿನ ಪ್ರಯೋಗಾಲಯ ಜೀನ್ ಪರೀಕ್ಷೆಯನ್ನು ಉಚಿತವಾಗಿ ಮಾಡುತ್ತ ಬಂದಿದೆ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ನಿನಲ್ಲೂ ಈ ಪರೀಕ್ಷೆ ನಡೆಯುತ್ತದೆ. ಆಜರಾದ ಮನೆಯಿಂದ ಗಡಹಿಂಗ್ಲಜದ ಸರ್ಕಾರಿ ದವಾಖಾನೆ, ಅಲ್ಲಿಂದ ಕೊಲ್ಹಾಪುರದ ಸಿಪಿಆರ್ ಅಥವಾ ಬೆಳಗಾವಿಯ ಕೆಎಲ್‌ಇ ಆಸ್ಪತ್ರೆ. ಅಲ್ಲಿನ ಮಕ್ಕಳ ವೈದ್ಯರ ಮೂಲಕ ಆ ರಕ್ತ ಮುಂದೆ ಹೋಗಬಲ್ಲದು. ಉತ್ತರ ಬರುವವರೆಗೆ ಇನ್ಸುಲಿನ್ ನಿಲ್ಲಿಸಬಾರದು. ಗುಳಿಗೆಗೆ ಬದಲಾಗುವುದು ವೈದ್ಯರ ಕಣ್ಣೆದುರೇ ಆಗಬೇಕು. ಬೇಗ ಶುರುವಾದಷ್ಟೂ ಒಳ್ಳೆಯದು, ಏಕೆಂದರೆ ಇದೇ ತೂಬು ಮಿದುಳಿನಲ್ಲೂ ಇದೆ, ಗುಳಿಗೆ ಅಲ್ಲಿಯೂ ಒಂದಿಷ್ಟು ನೆರವಾಗುತ್ತದೆ.

ತಡವಾಯಿತೆಂದು ಕೈಚೆಲ್ಲಬೇಕಾಗಿಯೂ ಇಲ್ಲ! 2006ರ ಆ 49 ಮಂದಿಯಲ್ಲಿ ಮೂರು ತಿಂಗಳ ಕೂಸಿನಿಂದ 36 ವರ್ಷದವರವರೆಗೂ ಇದ್ದರು. ಹಾಗಾಗಿ ಆಜರಾ, ಗಡಹಿಂಗ್ಲಜ, ಇಚಲಕರಂಜಿಯ ಯಾವ ಓಣಿಯಲ್ಲಾದರೂ ತೊಟ್ಟಿಲಲ್ಲಿದ್ದಾಗಲೇ ಇನ್ಸುಲಿನ್ ಶುರುವಾಗಿ, ಈಗ ಶಾಲೆಗೋ ಕಾಲೇಜಿಗೋ ಹೋಗುತ್ತಿರುವ ಹುಡುಗ ಹುಡುಗಿ ಇದ್ದರೆ, ಅವರ ಮನೆಯವರು ಈ ವಾರವೇ ವೈದ್ಯರನ್ನು ಕಂಡು ಕೇಳಬೇಕು: "ಡಾಕ್ಟರೇ, ನಮ್ಮ ಮಗುವಿನ ಜೀನ್ ಪರೀಕ್ಷೆ ಆಗಿದೆಯೇ?"