ನಾಲ್ಕು ಡಾಲರಿನ ಬಾಗಿಲು

ನ್ಯಾಯಾಲಯದ ಮೆಟ್ಟಿಲೇರುವವನು ಶುಲ್ಕ ತೆರಬೇಕೆಂಬುದು ಎಲ್ಲರೂ ಬಲ್ಲ ಸಂಗತಿ. ಆಸ್ತಿಗಾಗಿಯೋ ಸಾಲದ ವಸೂಲಿಗಾಗಿಯೋ ಹೋಗುವವನಿಂದ ಸರ್ಕಾರ ಹಣ ಕೇಳಿದರೆ ಯಾರೂ ಆಕ್ಷೇಪಿಸಲಾರರು. ಆದರೆ ಒಬ್ಬನನ್ನು ಸೆರೆಯಲ್ಲಿಟ್ಟದ್ದೂ ಸರ್ಕಾರವೇ ಆಗಿ, ಆ ಸೆರೆ ಅಕ್ರಮವೆಂದು ಅವನು ಮೊರೆಯಿಡಲು ಹೊರಟಾಗ, ಮೊದಲು ಹಣ ಕಟ್ಟು ಎನ್ನಬಹುದೆ? ಅಮೆರಿಕದ ಐಯೋವಾ ರಾಜ್ಯದಲ್ಲಿ ಈ ಪ್ರಶ್ನೆ ಎದ್ದ ಬಗೆಯನ್ನು ತಮ್ಮ ಮುಂದೆ ಇಡಬಯಸುತ್ತೇನೆ.

ಸೆರೆಯನ್ನು ಪ್ರಶ್ನಿಸುವ ಇಂಥ ಅರ್ಜಿಗೆ ಹೇಬಿಯಸ್ ಕಾರ್ಪಸ್ ಎಂದು ಲ್ಯಾಟಿನ್ ಹೆಸರು. ನಮ್ಮವರು ಅದನ್ನು 'ಬಂದಿ ಪ್ರತ್ಯಕ್ಷೀಕರಣ' ಎಂದು ಕರೆದರು. ಮೂಲಕ್ಕಿಂತ ಕನ್ನಡದ ಹೆಸರೇ ಅದರ ಕೆಲಸವನ್ನು ಚೆನ್ನಾಗಿ ಹೇಳುತ್ತದೆಂದು ನನ್ನ ಎಣಿಕೆ. ಸೆರೆಯಲ್ಲಿಟ್ಟವನು ಬಂದಿಯನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿ, ಯಾವ ಕಾನೂನಿನ ಬಲದಿಂದ ಹಿಡಿದಿಟ್ಟಿದ್ದೇನೆಂದು ಉತ್ತರ ಹೇಳಬೇಕು.

ಐಯೋವಾದಲ್ಲಿ ಈ ಅರ್ಜಿಗೆ 4 ಡಾಲರ್ ಶುಲ್ಕವಿತ್ತು. ತನ್ನಲ್ಲಿ ಹಣವಿಲ್ಲವೆಂದು ಪ್ರಮಾಣ ಮಾಡಿ ಒಬ್ಬ ಬಂದಿ ಕಳುಹಿಸಿದ ಅರ್ಜಿಯನ್ನು, ಶುಲ್ಕ ಬಾರದೆ ದಾಖಲು ಮಾಡಿಕೊಳ್ಳುವುದಿಲ್ಲವೆಂದರು. ವಿವಾದ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ನಾಲ್ಕು ಡಾಲರು ತೀರ ಅಲ್ಪ ಮೊತ್ತವೆಂದು ರಾಜ್ಯದ ವಾದ. ಇದು ಸಿವಿಲ್ ಸ್ವರೂಪದ ಅರ್ಜಿ, ಕ್ರಿಮಿನಲ್ ಮೇಲ್ಮನವಿಯಲ್ಲ ಎಂಬುದು ಇನ್ನೊಂದು ವಾದ. 1961ರ ಏಪ್ರಿಲಿನಲ್ಲಿ, 'ಸ್ಮಿತ್ ವಿರುದ್ಧ ಬೆನೆಟ್' ಎಂಬ ಮೊಕದ್ದಮೆಯ ತೀರ್ಪು ಬರೆದ ನ್ಯಾಯಮೂರ್ತಿ ಟಾಮ್ ಕ್ಲಾರ್ಕ್ ಎರಡನ್ನೂ ಒಪ್ಪಲಿಲ್ಲ. ಕೈಯಲ್ಲಿ ಅಷ್ಟು ಹಣವೇ ಇಲ್ಲದವನಿಗೆ ಅದು ಮುಚ್ಚಿದ ಬಾಗಿಲು. ಉಳ್ಳ ಬಂದಿಗೆ ತೆರೆದ ದಾರಿಯನ್ನು ಬಡ ಬಂದಿಗೆ ಮುಚ್ಚುವುದು ಸಂವಿಧಾನದ 14ನೆಯ ತಿದ್ದುಪಡಿ ಕೊಟ್ಟ ಸಮಾನ ರಕ್ಷಣೆಗೆ ವಿರುದ್ಧ ಎಂಬುದು ತೀರ್ಪಿನ ಸಾರ.

ಅಲ್ಲಿಯ ಒಕ್ಕೂಟದ ನ್ಯಾಯಾಲಯಗಳಲ್ಲಿ ಈ ಅರ್ಜಿಗೆ ಈಗ 5 ಡಾಲರ್ ಶುಲ್ಕ. ವಿನಾಯಿತಿ ಬೇಡುವ ಬಂದಿ, ಸೆರೆಮನೆಯ ಖಾತೆಯಲ್ಲಿ ತನ್ನ ಹಣವೆಷ್ಟಿದೆಯೆಂದು ಅಲ್ಲಿಯ ಅಧಿಕಾರಿಯಿಂದಲೇ ಬರೆಯಿಸಿ ತರಬೇಕು. ಯಾರ ವಶದಿಂದ ಬಿಡಿಸಿರೆಂದು ಮೊರೆಯಿಡುತ್ತಾನೋ ಅವರಿಂದಲೇ ಬಡತನಕ್ಕೆ ಸಾಕ್ಷಿ! ಬಂದಿಗಳ ದಾವೆಗಳು ಮಿತಿಮೀರಿದವೆಂದು 1996ರಲ್ಲಿ ಮಾಡಿದ ಕಾನೂನೊಂದು, ಬಡ ಬಂದಿಯೂ ಸಿವಿಲ್ ದಾವೆಯ ಪೂರ್ತಿ ಶುಲ್ಕವನ್ನು ಕಂತುಗಳಲ್ಲಿ ತೆರಬೇಕೆಂದು ವಿಧಿಸಿತು. ಸಿವಿಲ್ ಎಂಬ ಹಳೆಯ ಹಣೆಪಟ್ಟಿಯ ತೊಡಕು ಹೀಗೆ ಮತ್ತೆ ಎದುರಾಯಿತು. ಬಂದಿ ಪ್ರತ್ಯಕ್ಷೀಕರಣದ ಅರ್ಜಿ ಆ ಕಾನೂನಿಗೆ ಒಳಪಡದೆಂದು ಅಲ್ಲಿಯ ಮೇಲ್ಮನವಿ ನ್ಯಾಯಾಲಯಗಳು ತೀರ್ಮಾನಿಸಿದುದು ಸರಿಯಾಯಿತು. ಊಟ, ಹಾಸಿಗೆಗಳ ದೂರು ಬೇರೆ. ಬಿಡುಗಡೆಯ ಮೊರೆ ಬೇರೆ.

ನಮ್ಮಲ್ಲಿ, ಪರಕೀಯರು ಬರೆದ 1870ರ ಕೋರ್ಟ್ ಫೀ ಕಾಯಿದೆಯ 19ನೆಯ ಕಲಮೇ ಬಂದಿಯ ಅರ್ಜಿಗೆ ಶುಲ್ಕವಿಲ್ಲವೆಂದಿತು. ಬಡವನೋ ಬಲ್ಲಿದನೋ ಎಂದು ಅದು ಕೇಳುವುದಿಲ್ಲ. ಮುಂದೆ, ಸಹಬಂದಿಯೊಬ್ಬನು ಪಟ್ಟ ಚಿತ್ರಹಿಂಸೆಯನ್ನು ಕುರಿತು ದೆಹಲಿಯ ತಿಹಾರ್ ಸೆರೆಮನೆಯಿಂದ ಸುನಿಲ್ ಬಾತ್ರಾ ಬರೆದ ಪತ್ರವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ ಹೇಬಿಯಸ್ ಕಾರ್ಪಸ್ ಅರ್ಜಿಯೆಂದೇ ಎಣಿಸಿ, 1979ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಪತ್ರದ ಹಿಂದೆ ವಕೀಲರಿರಲಿಲ್ಲ. ಅವರನ್ನು ನ್ಯಾಯಾಲಯವೇ ನೇಮಿಸಿತು.