ಮಿಂಚಂಚೆಯ ಉತ್ತರಗಳಲ್ಲಿ ಪಠ್ಯರೂಪದ ಆಯ್ಕೆ

೧

ವಿದ್ವತ್ಕಾರ್ಯದಲ್ಲಿ ಪತ್ರವ್ಯವಹಾರಕ್ಕೆ ಇರುವ ಸ್ಥಾನ ಸಾಮಾನ್ಯವಾದುದಲ್ಲ. ಹಸ್ತಪ್ರತಿಯೊಂದರ ಪಾಠಾಂತರ, ಶಾಸನದ ಸಂದಿಗ್ಧವಾದ ಒಂದು ಅಕ್ಷರ, ವಿದ್ಯಾರ್ಥಿಯ ಪ್ರಬಂಧದ ಒಂದು ಅಧ್ಯಾಯ, ಇವೆಲ್ಲವೂ ಇಂದು ಮಿಂಚಂಚೆಯ ಮೂಲಕವೇ ಕೈಯಿಂದ ಕೈಗೆ ಸಾಗುತ್ತಿವೆ. ಬಂದ ಪತ್ರಕ್ಕೆ ಏನೆಂದು ಉತ್ತರಿಸಬೇಕೆಂಬುದನ್ನು ನಾವು ಆಲೋಚಿಸುತ್ತೇವೆ. ಯಾವ ರೂಪದಲ್ಲಿ ಉತ್ತರಿಸಬೇಕೆಂಬುದನ್ನು ಆಲೋಚಿಸುವವರು ವಿರಳ. ಆ ಆಯ್ಕೆಯನ್ನು ಯಂತ್ರಕ್ಕೆ ಬಿಟ್ಟು ಸುಮ್ಮನಾಗುವುದೇ ರೂಢಿ.

ಒಂದು ಉದಾಹರಣೆಯನ್ನು ನೋಡೋಣ. ವಿದ್ಯಾರ್ಥಿಯೊಬ್ಬನು ಶಾಸನವೊಂದರ ಪಾಠವನ್ನು ಸಿದ್ಧಪಡಿಸಿ, ತನಗೆ ಸಂದೇಹವಿರುವ ಅಕ್ಷರಗಳಿಗೆ ಕೆಂಪು ಬಣ್ಣ ಕೊಟ್ಟು, ಅಧ್ಯಾಪಕರಿಗೆ ಕಳುಹಿಸುತ್ತಾನೆ ಎಂದಿಟ್ಟುಕೊಳ್ಳೋಣ. ಅಧ್ಯಾಪಕರ ಯಂತ್ರ ಸಾದಾ ಪಠ್ಯದಲ್ಲಿ ಉತ್ತರಿಸುವಂತೆ ಹೊಂದಿಸಲ್ಪಟ್ಟಿದೆ. ಅವರು ಎರಡು ಸಲಹೆಗಳನ್ನು ಬರೆದು, ಮೂಲ ಪಾಠವನ್ನು ಕೆಳಗೆ ಹಾಗೆಯೇ ಉಳಿಸಿ, ಮತ್ತೊಬ್ಬ ವಿದ್ವಾಂಸರಿಗೂ ಒಂದು ಪ್ರತಿಯನ್ನು ಕಳುಹಿಸುತ್ತಾರೆ. ಆ ಮೂರನೆಯವರ ಕೈ ಸೇರುವ ಪಾಠದಲ್ಲಿ ಕೆಂಪು ಬಣ್ಣವಿಲ್ಲ; ಊಹೆಯ ಅಕ್ಷರಗಳೂ ನಿಶ್ಚಿತವಾದ ಅಕ್ಷರಗಳೂ ಒಂದೇ ಆಗಿ ಕಾಣುತ್ತವೆ. ಒಂದು ಅಕ್ಷರವೂ ಬದಲಾಗದೆ ಪಾಠದ ಅರ್ಥವೇ ಬದಲಾಗಿದೆ. ಇಂಥ ಹಾನಿ ಏಕೆ ಒದಗುತ್ತದೆ, ಅದನ್ನು ತಪ್ಪಿಸುವ ಬಗೆ ಯಾವುದು ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಗಣಕಜಾಲದ ಮೂಲಕ ಒಂದು ಯಂತ್ರದಿಂದ ಇನ್ನೊಂದಕ್ಕೆ ಪತ್ರ ಕಳುಹಿಸುವ ಕ್ರಮವನ್ನು ೧೯೭೧ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಆರಂಭಿಸಿದರು. ಆಗ ಬಳಕೆಯಲ್ಲಿದ್ದ ಆಸ್ಕಿ ಎಂಬ ಸಂಕೇತಕ್ರಮ ೧೯೬೩ರಲ್ಲಿ ಪ್ರಕಟವಾದುದು. ಅದರಲ್ಲಿ ಇದ್ದುದು ೧೨೮ ಸ್ಥಾನಗಳು ಮಾತ್ರ. ರೋಮನ್ ಅಕ್ಷರಗಳು, ಅಂಕಿಗಳು, ಕೆಲವು ಚಿಹ್ನೆಗಳು ಇವಿಷ್ಟಕ್ಕೇ ಅದು ಸಾಲುತ್ತಿತ್ತು. ಪತ್ರದ ರಚನೆಯನ್ನು ಗೊತ್ತುಪಡಿಸಿದ ೧೯೮೨ರ ನಿಯಮಾವಳಿಯೂ ಈ ಮಿತಿಯನ್ನೇ ಒಪ್ಪಿಕೊಂಡಿತು. ಕನ್ನಡಕ್ಕಾಗಲಿ, ದಪ್ಪಕ್ಷರಕ್ಕಾಗಲಿ, ಚಿತ್ರಕ್ಕಾಗಲಿ ಅಲ್ಲಿ ಎಡೆಯಿರಲಿಲ್ಲ.

ಈ ಕೊರತೆಯನ್ನು ನೀಗಿಸಿದುದು ನತಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಅವರು ೧೯೯೨ರಲ್ಲಿ ಮುಂದಿಟ್ಟ, ೧೯೯೬ರಲ್ಲಿ ಪರಿಷ್ಕೃತವಾದ ‘ಮೈಮ್’ ಎಂಬ ಕ್ರಮ. ಇದರ ತತ್ತ್ವ ಸರಳವಾದುದು. ಪತ್ರದ ತಲೆಬರಹದಲ್ಲಿ, ಒಳಗಿರುವ ವಸ್ತು ಯಾವ ಬಗೆಯದು, ಯಾವ ಸಂಕೇತಕ್ರಮದಲ್ಲಿದೆ ಎಂಬುದನ್ನು ಘೋಷಿಸಬೇಕು. ಓದುವ ಯಂತ್ರ ಆ ಘೋಷಣೆಯನ್ನು ಅನುಸರಿಸಬೇಕು. ನಾವು ‘ಪಠ್ಯರೂಪ’ ಎಂದು ಕರೆಯುತ್ತಿರುವುದು ಈ ಘೋಷಣೆಯನ್ನೇ.

೩

ರೂಢಿಯಲ್ಲಿರುವ ರೂಪಗಳು ಮುಖ್ಯವಾಗಿ ಎರಡು. ಮೊದಲನೆಯದು ಸಾದಾ ಪಠ್ಯ: ಅಕ್ಷರಗಳ ಸಾಲು, ಅಷ್ಟೆ. ಎರಡನೆಯದು ಎಚ್‌ಟಿಎಂಎಲ್: ಅಕ್ಷರಗಳ ಜೊತೆಗೆ ಬಣ್ಣ, ಗಾತ್ರ, ಕೋಷ್ಟಕ, ಕೊಂಡಿ, ಅಕ್ಷರಶೈಲಿಯ ಹೆಸರು ಮೊದಲಾದವನ್ನು ತಿಳಿಸುವ ಗುರುತುಗಳೂ ಇರುವಂಥದು. ಔಟ್‌ಲುಕ್ ತಂತ್ರಾಂಶದಲ್ಲಿ ‘ರಿಚ್ ಟೆಕ್ಸ್ಟ್’ ಎಂಬ ಮೂರನೆಯ ರೂಪವೊಂದುಂಟು. ಇದು ಆ ಸಂಸ್ಥೆಯ ಸ್ವಂತ ಕ್ರಮ. ಬೇರೆ ತಂತ್ರಾಂಶ ಬಳಸುವವರಿಗೆ ಪತ್ರದೊಡನೆ ತೆರೆಯಲಾಗದ ಒಂದು ಕಡತವಾಗಿ ಮಾತ್ರ ಅದು ತಲಪುವುದುಂಟು. ಆದುದರಿಂದ ಹೊರಗಿನವರೊಡನೆ ಅದನ್ನು ಬಳಸದಿರುವುದೇ ಲೇಸು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಅನೇಕ ತಂತ್ರಾಂಶಗಳು ಎಚ್‌ಟಿಎಂಎಲ್ ಪತ್ರದೊಳಗೆ ಸಾದಾ ಪಠ್ಯದ ಪ್ರತಿಯೊಂದನ್ನೂ ಸೇರಿಸಿಯೇ ಕಳುಹಿಸುತ್ತವೆ. ಸರಳವಾದುದು ಮೊದಲು, ಸಮೃದ್ಧವಾದುದು ಕೊನೆಗೆ. ಓದುವ ಯಂತ್ರ ತನಗೆ ಸಾಧ್ಯವಾದವುಗಳಲ್ಲಿ ಕೊನೆಯದನ್ನು ತೋರಿಸುತ್ತದೆ. ಹೀಗೆ ಒಂದೇ ಪತ್ರದಲ್ಲಿ ಎರಡು ಪ್ರತಿಗಳು ಅಡಗಿರುತ್ತವೆ. ಒಬ್ಬರು ಒಂದನ್ನೂ ಮತ್ತೊಬ್ಬರು ಇನ್ನೊಂದನ್ನೂ ಓದುತ್ತಿರಬಹುದೆಂಬುದು ಗ್ರಂಥಸಂಪಾದನೆಯ ಪರಿಚಯವಿರುವ ನಮಗೆ ಹೊಸದಾಗಿ ತೋರಬೇಕಾಗಿಲ್ಲ.

೪

ಕನ್ನಡದ ಮಟ್ಟಿಗೆ ಈ ವಿಷಯಕ್ಕೆ ವಿಶೇಷವಾದ ತೊಡಕೊಂದು ಸೇರಿಕೊಂಡಿದೆ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳನ್ನು ಮೀಸಲಿಡಲಾಗಿತ್ತು. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ೧೯೯೨ರಲ್ಲಿ ರೂಪಿಸಿದ ಯುಟಿಎಫ್-೮ ಕ್ರಮದಲ್ಲಿ ಇವುಗಳಲ್ಲಿ ಒಂದೊಂದಕ್ಕೂ ಮೂರು ಬೈಟುಗಳು ಬೇಕು. ‘ಕನ್ನಡ’ ಎಂಬ ಪದ ಯಂತ್ರಕ್ಕೆ ಕ, ನ, ವಿರಾಮಚಿಹ್ನೆ, ನ, ಡ ಎಂಬ ಐದು ಸಂಕೇತಗಳು, ಅಂದರೆ ೧೫ ಬೈಟುಗಳು. ಹಳೆಯ ಆಸ್ಕಿ ದಾರಿಯಲ್ಲಿ ಸಾಗಬೇಕಾದಾಗ ಇದನ್ನು ಒಂದು ಕ್ರಮದಲ್ಲಿ ೪೫, ಇನ್ನೊಂದರಲ್ಲಿ ೨೦ ರೋಮನ್ ಚಿಹ್ನೆಗಳಾಗಿ ಮಾರ್ಪಡಿಸಿ, ತಲಪಿದ ಮೇಲೆ ಮತ್ತೆ ಕನ್ನಡವಾಗಿಸಲಾಗುತ್ತದೆ. ಘೋಷಣೆ ಸರಿಯಾಗಿದ್ದರೆ ಸಾದಾ ಪಠ್ಯದಲ್ಲಿಯೂ ಯೂನಿಕೋಡ್ ಕನ್ನಡಕ್ಕೆ ಯಾವ ಕುಂದೂ ಬಾರದು. ಕನ್ನಡವನ್ನು ಎಚ್‌ಟಿಎಂಎಲ್‌ನಲ್ಲಿಯೇ ಕಳುಹಿಸಬೇಕೆಂಬ ನಂಬಿಕೆ ಇಂದು ನಿರಾಧಾರವಾದುದು.

ಆದರೆ ಆ ನಂಬಿಕೆ ಹುಟ್ಟಿದುದಕ್ಕೆ ಕಾರಣವಿಲ್ಲದೆ ಇಲ್ಲ. ಯೂನಿಕೋಡ್ ವ್ಯಾಪಕವಾಗುವ ಮುನ್ನ ಬಳಕೆಯಲ್ಲಿದ್ದ ಅಕ್ಷರಶೈಲಿಗಳು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ‘ನುಡಿ’ಯ ಹಳೆಯ ಕ್ರಮದಲ್ಲಿ ‘ಕ’ ಎಂಬುದು ಯಂತ್ರದ ಪಾಲಿಗೆ ರೋಮನ್ನಿನ ದೊಡ್ಡ ‘ಪಿ’ ಮತ್ತು ಮೇಲೆ ಓರೆಗೆರೆಯುಳ್ಳ ‘ಎ’. ಅಂಥ ಬರಹದ ಕನ್ನಡತನ ಅದರ ಸಂಕೇತಗಳಲ್ಲಿಲ್ಲ, ಅಕ್ಷರಶೈಲಿಯ ಹೆಸರಿನಲ್ಲಿದೆ. ಆ ಹೆಸರನ್ನು ಹೊರುವ ಶಕ್ತಿ ಎಚ್‌ಟಿಎಂಎಲ್‌ಗೆ ಉಂಟು, ಸಾದಾ ಪಠ್ಯಕ್ಕೆ ಇಲ್ಲ. ಇಂಥ ಪತ್ರಕ್ಕೆ ಸಾದಾ ಪಠ್ಯದಲ್ಲಿ ಉತ್ತರಿಸಿದೊಡನೆ ಕೆಳಗಿನ ಉದ್ಧೃತ ಭಾಗವೆಲ್ಲ ಅರ್ಥವಿಲ್ಲದ ರೋಮನ್ ರಾಶಿಯಾಗುತ್ತದೆ. ಹಳೆಯ ಕಡತಗಳಿಂದ ಎತ್ತಿ ಅಂಟಿಸಿದ ಭಾಗಗಳಲ್ಲಿ ಈ ತೊಂದರೆ ಈಗಲೂ ಎದುರಾಗುತ್ತದೆ. ಅಂಥ ಭಾಗವನ್ನು ಮೊದಲು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು, ಮೂಲದೊಡನೆ ಹೋಲಿಸಿ ನೋಡಿ, ಅನಂತರ ಉತ್ತರಿಸುವುದು ಯುಕ್ತ. ಅದಕ್ಕೆ ಅವಕಾಶವಿಲ್ಲದಿದ್ದರೆ ಎಚ್‌ಟಿಎಂಎಲ್ ರೂಪವನ್ನೇ ಉಳಿಸಿಕೊಳ್ಳಬೇಕು.

೫

ಇಷ್ಟನ್ನು ತಿಳಿದ ಮೇಲೆ ಆಯ್ಕೆಯ ಸೂತ್ರವನ್ನು ಹೇಳುವುದು ಕಷ್ಟವಲ್ಲ. ಪತ್ರ ಬಂದ ರೂಪದಲ್ಲಿಯೇ ಉತ್ತರಿಸುವುದು ಸಾಮಾನ್ಯ ನಿಯಮ. ಔಟ್‌ಲುಕ್ ತಾನಾಗಿಯೇ ಹೀಗೆ ಮಾಡುತ್ತದೆ. ಸಾದಾ ಪಠ್ಯದಲ್ಲಿ ಬರೆದವರು ಅದನ್ನು ಬೇಕೆಂದೇ ಆರಿಸಿಕೊಂಡಿರಬಹುದು. ಎಚ್‌ಟಿಎಂಎಲ್‌ನಲ್ಲಿ ಬರೆದವರ ಕೋಷ್ಟಕ ಉತ್ತರದಲ್ಲಿ ಚೆದರಿಹೋಗಬಾರದು.

ಈ ನಿಯಮಕ್ಕೆ ಅಪವಾದಗಳುಂಟು. ಗಣಕಕ್ರಮದ ಸಾಲುಗಳನ್ನು ಕಳುಹಿಸುವಾಗ ಒಂದು ತೆರಪು ವ್ಯತ್ಯಾಸವಾದರೂ ಕೆಲಸ ಕೆಡಬಹುದು. ಲಿನಕ್ಸ್ ತಿರುಳನ್ನು ರೂಪಿಸುವವರು ತಿದ್ದುಪಡಿಗಳನ್ನು ಸಾದಾ ಪಠ್ಯದಲ್ಲಿಯೇ ಕೇಳುವುದು ಇದಕ್ಕಾಗಿ. ಅಪರಿಚಿತರ ಎಚ್‌ಟಿಎಂಎಲ್ ಪತ್ರದಲ್ಲಿ ಕಾಣುವ ಕೊಂಡಿಯ ಹೆಸರು ಒಂದು, ಅದು ಕರೆದೊಯ್ಯುವ ವಿಳಾಸ ಇನ್ನೊಂದು ಆಗಿರಬಹುದು; ಪತ್ರವನ್ನು ತೆರೆದುದನ್ನು ಕಳುಹಿಸಿದವರಿಗೆ ತಿಳಿಸುವ ಅಗೋಚರ ಚಿತ್ರವೂ ಅಡಗಿರಬಹುದು. ಅಂಥವಕ್ಕೆ ಉತ್ತರಿಸದಿರುವುದೇ ಮೇಲು. ಉತ್ತರಿಸಲೇಬೇಕಾದರೆ ಸಾದಾ ಪಠ್ಯ ಕ್ಷೇಮಕರ.

ಸಾದಾ ಪಠ್ಯದ ಇನ್ನೊಂದು ಗುಣ ಉದ್ಧರಣೆಯ ಸ್ಪಷ್ಟತೆ. ಮೂಲದ ಪ್ರತಿ ಸಾಲಿನ ತಲೆಯಲ್ಲಿಯೂ ಬಾಣದ ಮೊನೆಯಂಥ ಚಿಹ್ನೆ ಬೀಳುವುದರಿಂದ ಯಾರ ಮಾತು ಯಾವುದೆಂಬುದು ಮೂರು ನಾಲ್ಕು ಸಲ ಕೈಬದಲಾದರೂ ಉಳಿದಿರುತ್ತದೆ. ಅದರ ದೋಷ ಸಾಲುಗಳಿಗೆ ಸಂಬಂಧಿಸಿದುದು. ಸಾಲೊಂದು ೭೮ ಚಿಹ್ನೆಗಳನ್ನು ಮೀರದಿರುವುದು ಉಚಿತವೆಂದೂ ೯೯೮ನ್ನು ಮೀರಲೇಕೂಡದೆಂದೂ ಅಂಚೆಯ ನಿಯಮ ಹೇಳುತ್ತದೆ. ಆದುದರಿಂದ ಕೆಲವು ತಂತ್ರಾಂಶಗಳು ದೀರ್ಘವಾದ ಸಾಲುಗಳನ್ನು ತಾವೇ ಮುರಿಯುತ್ತವೆ. ಪದ್ಯದ ಪಾದವಾಗಲಿ ಶಾಸನದ ಪಂಕ್ತಿಯಾಗಲಿ ಹೀಗೆ ಒಡೆದರೆ ಹೊಸ ಸಾಲಿನ ಭ್ರಮೆ ಹುಟ್ಟುತ್ತದೆ. ಪ್ರತಿ ಪಂಕ್ತಿಗೂ ಸಂಖ್ಯೆ ಕೊಟ್ಟು ಬರೆದರೆ ಈ ಭ್ರಮೆಗೆ ಎಡೆಯಿಲ್ಲ.

೬

ಮೊದಲು ಹೇಳಿದ ಶಾಸನಪಾಠದ ಉದಾಹರಣೆಗೆ ಹಿಂದಿರುಗೋಣ. ಅಲ್ಲಿ ತಪ್ಪಿದವರು ಅಧ್ಯಾಪಕರು ಮಾತ್ರವೆಂದು ನಾವು ಹೇಳಲಾರೆವು. ಮಾರ್ಗದಲ್ಲಿ ಅಳಿದುಹೋಗಬಹುದಾದ ಬಣ್ಣಕ್ಕೆ ಸಂದೇಹದ ಭಾರವನ್ನು ಹೊರಿಸಿದ ವಿದ್ಯಾರ್ಥಿಯ ಪಾಲೂ ಅದರಲ್ಲಿದೆ. ಶಾಸನಸಂಪಾದಕರು ಸವೆದ ಅಕ್ಷರಗಳನ್ನು ಆವರಣಗಳೊಳಗೆ ಇಡುತ್ತ ಬಂದಿದ್ದಾರೆ. ಆವರಣವೂ ಒಂದು ಚಿಹ್ನೆಯೇ ಆದುದರಿಂದ ಅದು ಅಕ್ಷರದೊಡನೆಯೇ ಪ್ರಯಾಣ ಮಾಡುತ್ತದೆ. ಯಾವ ರೂಪದಲ್ಲಿ ಉತ್ತರ ಬಂದರೂ ಅಳಿಯುವುದಿಲ್ಲ. ನಮ್ಮ ಪತ್ರಗಳಲ್ಲಿಯೂ ತಿದ್ದುಪಡಿ, ಸಂದೇಹ, ಒತ್ತು ಇವುಗಳನ್ನು ಮೊದಲು ಚಿಹ್ನೆಯಿಂದಲೋ ಮಾತಿನಿಂದಲೋ ಸೂಚಿಸಿ, ಬಣ್ಣವನ್ನು ಬೇಕಾದರೆ ಅನಂತರ ಸೇರಿಸಬಹುದು. ಮಹತ್ತ್ವದ ಉತ್ತರವನ್ನು ಕಳುಹಿಸುವ ಮುನ್ನ ಒಂದು ಪ್ರತಿಯನ್ನು ನಮ್ಮ ವಿಳಾಸಕ್ಕೇ ಕಳುಹಿಸಿಕೊಂಡು, ಅದನ್ನು ಸಾದಾ ಪಠ್ಯವಾಗಿ ತೆರೆದು ಓದಿ ನೋಡುವುದು ಕೆಲವು ನಿಮಿಷಗಳ ಕೆಲಸ. ಅಲ್ಲಿಯೂ ನಮ್ಮ ಅಭಿಪ್ರಾಯ ಪೂರ್ಣವಾಗಿ ತಿಳಿಯುವಂತಿದ್ದರೆ, ಓದುವವರ ಯಂತ್ರ ಎಂಥದೇ ಇರಲಿ, ಪತ್ರ ತನ್ನ ಕೆಲಸವನ್ನು ಮಾಡುತ್ತದೆ.