ಕೋಡಿಯಿಲ್ಲದ ಕೆರೆಯ ಉಪ್ಪಿನ ಲೆಕ್ಕ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ದಕ್ಷಿಣದ ಮರುಭೂಮಿಯಲ್ಲಿ, ಸಮುದ್ರಮಟ್ಟಕ್ಕಿಂತ 70 ಮೀಟರಿಗೂ ಹೆಚ್ಚು ತಗ್ಗಿನಲ್ಲಿ, ಸಾಲ್ಟನ್ ಸೀ ಎಂಬ ದೊಡ್ಡ ಸರೋವರವಿದೆ. ನೀರು ಒಳಬರಲು ನದಿ, ಹಳ್ಳ, ಬಸಿಗಾಲುವೆಗಳಿವೆ. ಹೊರಹೋಗಲು ಕೋಡಿಯೂ ಇಲ್ಲ, ತೂಬೂ ಇಲ್ಲ. ಬಂದ ನೀರು ಬಿಸಿಲಿಗೆ ಆವಿಯಾಗಬೇಕು, ಅಷ್ಟೆ. ನೀರು ಆವಿಯಾಗಿ ಹೋದರೂ ಅದು ತಂದ ಉಪ್ಪು ಅಲ್ಲೇ ಉಳಿಯುತ್ತದೆ. ಹೀಗೆ ನೂರಕ್ಕೂ ಹೆಚ್ಚು ವರ್ಷಗಳಿಂದ ಉಪ್ಪು ಕೂಡುತ್ತ ಬಂದಿದೆ. ಸಾಗರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಸಾಲ್ಟನ್ ಸೀಯಲ್ಲಿ 2000ನೇ ಇಸವಿಯ ಹೊತ್ತಿಗೆ ಅದು 44 ಗ್ರಾಂ ಆಸುಪಾಸಿನಲ್ಲಿತ್ತು. ಈಗ ಸಾಗರದ ಹತ್ತಿರ ಹತ್ತಿರ ಎರಡರಷ್ಟಾಗಿದೆ.

ಈಗಿನ ಸರೋವರ ಹುಟ್ಟಿದ್ದು ಒಂದು ಕಾಮಗಾರಿ ಕೆಟ್ಟದ್ದರಿಂದ. ಇಂಪೀರಿಯಲ್ ಕಣಿವೆಯ ಹೊಲಗಳಿಗೆ ಕೊಲರಾಡೊ ನದಿಯ ನೀರು ತರುತ್ತಿದ್ದ ಕಾಲುವೆಯಲ್ಲಿ ಹೂಳು ತುಂಬಿತ್ತು. ಅದನ್ನು ತಪ್ಪಿಸಲು 1904ರಲ್ಲಿ ಮೆಕ್ಸಿಕೊ ಗಡಿಯಾಚೆ ನದಿಯ ದಡ ಕಡಿದು ಹೊಸ ಬಾಯಿ ತೆಗೆಯಲಾಯಿತು. ಅದಕ್ಕೆ ಗಟ್ಟಿ ಗೇಟು ಕೂರಿಸುವ ಮೊದಲೇ 1905ರ ಪ್ರವಾಹ ಬಂದು, ನದಿಗೆ ನದಿಯೇ ತಗ್ಗಿನತ್ತ ತಿರುಗಿತು. ಸದರ್ನ್ ಪೆಸಿಫಿಕ್ ರೈಲ್ವೆಯವರು ಗೂಡ್ಸ್ ರೈಲುಗಳಲ್ಲಿ ಬಂಡೆಗಲ್ಲು ತಂದು ಸುರಿದು 1907ರ ಫೆಬ್ರವರಿಯಲ್ಲಿ ಒಡಕು ಮುಚ್ಚಿದರು. ಮನುಷ್ಯರ ತಪ್ಪಿನಿಂದ ಆದ ಹೊಂಡ, ಒಣಗಿದರೆ ಒಣಗಲಿ ಎನ್ನುವವರು ಈಗಲೂ ಇದ್ದಾರೆ. ಆದರೆ ಅದೇ ತಗ್ಗಿನಲ್ಲಿ, ಕೊಲರಾಡೊ ತನ್ನ ದಾರಿ ಬದಲಿಸಿದಾಗಲೆಲ್ಲ, ಇನ್ನೂ ದೊಡ್ಡದಾದ ಕವೀಯಾ ಸರೋವರ ತುಂಬಿ, ಬತ್ತಿ, ಮತ್ತೆ ತುಂಬಿದ ಇತಿಹಾಸವಿದೆ. ಅದರ ದಡದಲ್ಲಿ ಬದುಕು ಕಟ್ಟಿಕೊಂಡಿದ್ದ ಕವೀಯಾ ಬುಡಕಟ್ಟಿನ ಜನ ಇಂದಿಗೂ ಆ ಕಣಿವೆಯಲ್ಲಿದ್ದಾರೆ.

ಪ್ರವಾಹದ ನೀರಷ್ಟೇ ಆಗಿದ್ದರೆ ಸರೋವರ ಕೆಲವೇ ವರ್ಷಗಳಲ್ಲಿ ಬತ್ತಿಹೋಗುತ್ತಿತ್ತು. ಅದನ್ನು ಬದುಕಿಸಿದ್ದು ಹೊಲಗಳ ಬಸಿನೀರು, ಉಪ್ಪಾಗಿಸಿದ್ದೂ ಅದೇ. ಕೊಲರಾಡೊ ನೀರಿನಲ್ಲಿ ಲೀಟರಿಗೆ ಮುಕ್ಕಾಲು ಗ್ರಾಂ ಆಸುಪಾಸು ಉಪ್ಪಿದೆ. ಬೆಳೆ ನೀರನ್ನು ಹೀರಿಕೊಂಡು ಉಪ್ಪನ್ನು ಮಣ್ಣಿನಲ್ಲೇ ಬಿಡುತ್ತದೆ. ಅದು ಬೇರಿನ ಬಳಿ ನಿಂತರೆ ನೆಲ ಸವಳಾಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಸಿಂಧನೂರು, ಗಂಗಾವತಿ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಪೀರಿಯಲ್ ಕಣಿವೆಯ ರೈತರು ಹೊಲದಡಿ ತೂತು ಕೊಳವೆಗಳನ್ನು ಹೂತು, ಬೆಳೆಗೆ ಬೇಕಾದ್ದಕ್ಕಿಂತ ಹೆಚ್ಚು ನೀರು ಹಾಯಿಸಿ ಉಪ್ಪನ್ನು ತೊಳೆದುಬಿಡುತ್ತಾರೆ. ಆ ನೀರು ಆಲಮೊ ಮತ್ತು ನ್ಯೂ ನದಿಗಳನ್ನು ಸೇರಿ ಸರೋವರಕ್ಕೆ ಬೀಳುತ್ತದೆ. ಹೊಲ ಉಳಿಯುತ್ತದೆ, ಅದರ ಉಪ್ಪು ಸರೋವರದ ಖಾತೆಗೆ ಜಮೆಯಾಗುತ್ತದೆ.

ಹೀಗೆ ವರ್ಷಕ್ಕೆ ಸೇರುವ ಉಪ್ಪು ಸುಮಾರು 40 ಲಕ್ಷ ಟನ್. ಈ ಸಂಖ್ಯೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಪರಿಹಾರದ ಹೆಸರಿನಲ್ಲಿ ಬಂದ ಹಲವು ಯೋಜನೆಗಳು ಕೊನೆಗೆ ಇದಕ್ಕೇ ಎಡವಿವೆ. ದಿನಕ್ಕೆ ಹನ್ನೊಂದು ಸಾವಿರ ಟನ್, ಎಂದರೆ ಹತ್ತು ಟನ್ ಹೊರುವ ಲಾರಿಗಳಲ್ಲಿ ಸಾವಿರದ ನೂರು ಲೋಡು, ಒಂದು ದಿನವೂ ರಜೆಯಿಲ್ಲದೆ. ಇಷ್ಟನ್ನು ಹೊರಗೆ ಸಾಗಿಸಿದರೂ ಸರೋವರ ಸಿಹಿಯಾಗುವುದಿಲ್ಲ, ಇದ್ದಲ್ಲೇ ಇರುತ್ತದೆ. ಉಪ್ಪು ಇಳಿಯಬೇಕಾದರೆ ಇದಕ್ಕೂ ಹೆಚ್ಚು ತೆಗೆಯಬೇಕು.

ಉಪ್ಪು ಏರಿದ್ದನ್ನು ಸರೋವರದ ದಡವೇ ತೋರಿಸುತ್ತದೆ. ದೂರಕ್ಕೆ ಬಿಳಿ ಮರಳಿನಂತೆ ಕಾಣುವುದು ಮರಳಲ್ಲ. ಕಾಲಿಟ್ಟರೆ ಕರಕರ ಪುಡಿಯಾಗುವ ಬಾರ್ನಕಲ್ ಚಿಪ್ಪುಗಳ ರಾಶಿ, ನಡುನಡುವೆ ಮೀನಿನ ಮೂಳೆ. ಕಡಲಲ್ಲಿ ಬಂಡೆಗೆ, ದೋಣಿಯ ತಳಕ್ಕೆ ಅಂಟಿ ಬದುಕುವ ಈ ಜೀವಿ ಮರುಭೂಮಿಗೆ ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಬಹುಶಃ ಸೇನೆಯ ಸರಕಿನ ಜೊತೆ. 1950ರ ದಶಕದಲ್ಲಿ ಮೀನುಗಾರಿಕೆ ಇಲಾಖೆ ಕಾರ್ವಿನಾ, ಕ್ರೋಕರ್, ಸಾರ್ಗೊ ಎಂಬ ಕಡಲ ಮೀನುಗಳನ್ನು ತಂದುಬಿಟ್ಟಿತು. ಗಾಳ ಹಾಕುವವರು, ದೋಣಿ ಪಂದ್ಯದವರು ಬಂದರು. ದಡದಲ್ಲಿ ಹೋಟೆಲುಗಳು ಎದ್ದವು. ಉಪ್ಪು 40 ಗ್ರಾಂ ದಾಟಿದ ಮೇಲೆ ಆ ಮೀನುಗಳ ಸಂತಾನ ಕುಗ್ಗುತ್ತ ಬಂತು. 2000ದ ದಶಕದ ಮೊದಲ ವರ್ಷಗಳಲ್ಲೇ ಮೂರೂ ಕಣ್ಮರೆಯಾದವು. ಆಮೇಲೆ ಉಳಿದದ್ದು ಮುಖ್ಯವಾಗಿ ತಿಲಾಪಿಯಾ. ಎಲ್ಲ ಸಾವಿಗೂ ಉಪ್ಪೇ ಹೊಣೆಯಲ್ಲ, ನಿಜ. 1999ರಲ್ಲಿ ಲಕ್ಷಗಟ್ಟಲೆ ತಿಲಾಪಿಯಾ ಒಮ್ಮೆಲೇ ಸತ್ತು ತೇಲಿದ್ದು, ಗೊಬ್ಬರ ಬೆರೆತ ನೀರಿನಲ್ಲಿ ಪಾಚಿ ಬೆಳೆದು ಕೊಳೆತು ಆಮ್ಲಜನಕ ಬರಿದಾದ್ದರಿಂದ. ಆದರೆ ಸತ್ತ ಮೀನಿನ ಜಾಗ ತುಂಬಲು ಹೊಸ ಮರಿಗಳು ಬಾರದಂತೆ ಮಾಡಿದ್ದು ಉಪ್ಪು. ಈ ಸರೋವರದಲ್ಲಿ 400ಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಗುರುತಿಸಿದ್ದಾರೆ. ಮೀನು ಹೋದಂತೆ ಹೆಜ್ಜಾರ್ಲೆ, ನೀರುಕಾಗೆಗಳೂ ವಿರಳವಾದವು.

2003ರ ನೀರಿನ ಒಪ್ಪಂದ ಉಪ್ಪಿನ ಏರಿಕೆಯ ವೇಗ ಹೆಚ್ಚಿಸಿತು. ಕೊಲರಾಡೊ ನೀರಿನಲ್ಲಿ ಕ್ಯಾಲಿಫೋರ್ನಿಯಾ ತನ್ನ ಪಾಲಿಗಿಂತ ಹೆಚ್ಚು ಬಳಸುತ್ತಿತ್ತು. ಅದನ್ನು ಮಿತಿಗೆ ತರಲು ಇಂಪೀರಿಯಲ್ ನೀರಾವರಿ ಮಂಡಳಿ ಹೊಲಗಳಲ್ಲಿ ನೀರು ಉಳಿಸಿ ಸ್ಯಾನ್ ಡಿಯಾಗೊ ಪ್ರದೇಶಕ್ಕೆ ಮಾರಲು ಒಪ್ಪಿತು. ಕಾಲುವೆಗೆ ಕಾಂಕ್ರೀಟ್ ಹೊದಿಸುವುದು, ಹೊಲದ ನೀರನ್ನು ಮರುಬಳಸುವುದು ಎಲ್ಲರೂ ಮೆಚ್ಚುವ ಕ್ರಮಗಳೇ. ಆದರೆ ಸೋರಿಕೆಯನ್ನೇ ನಂಬಿ ಬದುಕುವ ಸರೋವರಕ್ಕೆ ಅವು ಬರಗಾಲ ತಂದವು. ನಷ್ಟ ತುಂಬಿಕೊಡಲು ಬಿಡುತ್ತಿದ್ದ ಹೆಚ್ಚುವರಿ ನೀರು 2017ರ ಕೊನೆಗೆ ನಿಂತಿತು. ನೀರು ಇಳಿಯಿತು, ಉಪ್ಪು ಇನ್ನಷ್ಟು ಗಡುಸಾಯಿತು.

ಸಿಹಿನೀರು ತಂದು ತುಂಬುವ ಉಪಾಯ ಮೊದಲು ಹೊಳೆಯುವಂಥದ್ದು. ಆದರೆ ವರ್ಷಕ್ಕೆ ಸುಮಾರು 1.8 ಮೀಟರ್ ನೀರು ಆವಿಯಾಗುವ ಊರಿನಲ್ಲಿ, ಕೊಲರಾಡೊದ ಪ್ರತಿ ಹನಿಗೂ ಹಕ್ಕುದಾರರಿರುವಾಗ, ಅದಕ್ಕೆ ನೀರಿಲ್ಲ. ಮೆಕ್ಸಿಕೊದ ಕೊರ್ಟೆಜ್ ಕಡಲಿನಿಂದ 200 ಕಿ.ಮೀ. ಆಸುಪಾಸು ಕಾಲುವೆ ತೋಡಿ ಕಡಲನೀರು ತರುವ ಸಲಹೆ ದಶಕಗಳಿಂದ ಮತ್ತೆ ಮತ್ತೆ ಬರುತ್ತದೆ. ಸರೋವರ ಕಡಲಿಗಿಂತ ತಗ್ಗಿನಲ್ಲಿರುವುದರಿಂದ ಇದು ಕೇಳಲು ಸುಲಭ. ಲೆಕ್ಕ ಮಾತ್ರ ಕೂಡುವುದಿಲ್ಲ. ಒಂದು ಘನ ಕಿಲೋಮೀಟರ್ ಕಡಲನೀರು 350 ಲಕ್ಷ ಟನ್ ಉಪ್ಪನ್ನು ತರುತ್ತದೆ, ಎಂದರೆ ಈಗ ವರ್ಷಕ್ಕೆ ಸೇರುವುದರ ಒಂಬತ್ತು ಪಟ್ಟು ಹತ್ತಿರ. ಹಳೆಯ ಉಪ್ಪುನೀರನ್ನು ಪಂಪ್ ಮಾಡಿ ಹೊರಹಾಕುವ ಎರಡನೇ ಕೊಳವೆ ಇಲ್ಲದಿದ್ದರೆ ಇದು ಔಷಧವಲ್ಲ, ರೋಗದ ಇನ್ನೊಂದು ಕಂತು. ರಾಜ್ಯ ಸರ್ಕಾರ ನೇಮಿಸಿದ್ದ ಸ್ವತಂತ್ರ ತಜ್ಞರ ಸಮಿತಿ 2022ರಲ್ಲಿ ಈ ಪ್ರಸ್ತಾವಗಳನ್ನು ಬದಿಗಿಟ್ಟಿತು.

ಅದೇ ಸಮಿತಿ ಮುಂದಿಟ್ಟದ್ದು ಸರೋವರದ ನೀರನ್ನೇ ಎತ್ತಿ ಉಪ್ಪು ತೆಗೆದು ಸಿಹಿನೀರನ್ನು ವಾಪಸು ಬಿಡುವ ಘಟಕವನ್ನು. ಇದು ಕೋಡಿಯ ಕೆಲಸವನ್ನು ಯಂತ್ರಕ್ಕೆ ವಹಿಸಿದಂತೆ, ತತ್ವ ಸರಿಯಾಗಿದೆ. ಆದರೆ ಉಪ್ಪು ಹೆಚ್ಚಿದಷ್ಟೂ ವಿದ್ಯುತ್ ಖರ್ಚು ಹೆಚ್ಚು. ಉಳಿಯುವ ಗಟ್ಟಿ ಉಪ್ಪುನೀರನ್ನು ಒಣಗಿಸಲು ವಿಶಾಲ ಮಡಿಗಳು ಬೇಕು. ಆ ಉಪ್ಪು ಅಡುಗೆಗೂ ಬಾರದು: ಅದರಲ್ಲಿ ಸಲ್ಫೇಟ್ ಹೇರಳ, ಜೊತೆಗೆ ಹೊಲಗಳಿಂದ ಬಂದ ಇತರ ವಸ್ತುಗಳು. ಒಂದು ವರ್ಷದ 40 ಲಕ್ಷ ಟನ್ನನ್ನು ಒಂದು ಚದರ ಕಿಲೋಮೀಟರಿನಲ್ಲಿ ಹರಡಿದರೆ ಮೂರು ಮೀಟರಿಗೂ ಎತ್ತರ ನಿಲ್ಲುತ್ತದೆ. ಈ ಹಿಂದೆ ಕೇಂದ್ರ ಜಲಸಂಪನ್ಮೂಲ ಇಲಾಖೆ ಹಿಮಕ್ರೀಡೆಯ ತಾಣಗಳಲ್ಲಿ ಕೃತಕ ಹಿಮ ಉದುರಿಸುವಂಥ ಯಂತ್ರಗಳಿಂದ ಸರೋವರದ ನೀರನ್ನು ಗಾಳಿಗೆ ಚಿಮ್ಮಿಸಿ ಬೇಗ ಆವಿಯಾಗಿಸುವ ಪ್ರಯೋಗವನ್ನೂ ಮಾಡಿ ನೋಡಿತ್ತು. ಗಾಳಿ ತಿರುಗಿದರೆ ಉಪ್ಪಿನ ತುಂತುರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಅಲ್ಲಿಯೂ ಇತ್ತು.

ಜಗತ್ತಿನಲ್ಲಿ ಕೈಗೂಡಿರುವ ಉದಾಹರಣೆಗಳು ಬೇರೆ ದಾರಿ ಹಿಡಿದಿವೆ: ಸರೋವರವನ್ನು ಭಾಗ ಮಾಡಿ, ಒಂದು ಭಾಗವನ್ನು ಉಪ್ಪಿಗೆ ಬಿಟ್ಟುಕೊಡುವುದು. ಮಧ್ಯ ಏಷ್ಯಾದ ಅರಾಲ್ ಸಮುದ್ರ ಹತ್ತಿಯ ನೀರಾವರಿಗೆ ಬಲಿಯಾಗಿ 1980ರ ದಶಕದ ಕೊನೆಗೆ ಎರಡಾಯಿತು. ಕಜಾಕಸ್ತಾನ ವಿಶ್ವಬ್ಯಾಂಕಿನ ನೆರವಿನಿಂದ 2005ರಲ್ಲಿ 13 ಕಿ.ಮೀ. ಉದ್ದದ ಕೊಕ್ ಅರಾಲ್ ಏರಿಯನ್ನು ಮುಗಿಸಿ, ಸಿರ್ ದರಿಯಾ ನದಿಯ ನೀರನ್ನು ಉತ್ತರದ ಸಣ್ಣ ಭಾಗದಲ್ಲೇ ತಡೆಹಿಡಿಯಿತು. ಅದು ಅಂದಾಜಿಗಿಂತ ಬೇಗ ತುಂಬಿತು. ಹೆಚ್ಚಾದ ನೀರು ಏರಿಯ ಗೇಟುಗಳ ಮೂಲಕ ದಕ್ಷಿಣಕ್ಕೆ ಹೋಗುವಾಗ ಉಪ್ಪನ್ನೂ ಒಯ್ಯಿತು. ಚಪ್ಪಟೆ ಫ್ಲೌಂಡರ್ ಮೀನು ಬಿಟ್ಟರೆ ಬೇರೇನೂ ಸಿಗದಿದ್ದ ಬಲೆಗಳಿಗೆ ಕಾರ್ಪ್, ಬ್ರೀಮ್, ಜಾಂಡರ್ ಮರಳಿ ಬಿದ್ದವು. ದಕ್ಷಿಣದ ದೊಡ್ಡ ಭಾಗ ಬಹುಪಾಲು ಉಪ್ಪಿನ ಬಯಲಾಗಿದೆ. ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್‌ನಲ್ಲಿ ಸರೋವರವನ್ನು ಎರಡು ಮಾಡಿದ 1959ರ ರೈಲು ಏರಿ ಬೇರೆ ಕಾರಣಕ್ಕೆ ಕಟ್ಟಿದ್ದು. ಆದರೆ 2022ರಲ್ಲಿ ದಕ್ಷಿಣ ಭಾಗದ ಉಪ್ಪು ಶೇಕಡ 19 ಮುಟ್ಟಿ ಉಪ್ಪುಸೀಗಡಿಗೂ ಕುತ್ತು ಬಂದಾಗ, ಆ ಏರಿಯ ಕಿಂಡಿಯ ತಳದ ದಿಬ್ಬವನ್ನು 2023ರ ಫೆಬ್ರವರಿಯಲ್ಲಿ ಐದು ಅಡಿ ಎತ್ತರಿಸಿ, ಉತ್ತರದ ಗಡುಸು ನೀರು ಒಳನುಗ್ಗದಂತೆ ತಡೆದರು. ಆ ವರ್ಷ ಭಾರೀ ಹಿಮ ಬಿದ್ದದ್ದು ಅದೃಷ್ಟ.

ಸಾಲ್ಟನ್ ಸೀಯನ್ನೂ ಹೀಗೆ ವಿಭಾಗಿಸುವ ಯೋಜನೆ 2007ರಲ್ಲಿ ಸಿದ್ಧವಾಗಿತ್ತು. ಅಂದಾಜು ವೆಚ್ಚ 890 ಕೋಟಿ ಡಾಲರ್. ಮೆತ್ತನೆಯ ಕೆಸರಿನ ಮೇಲೆ, ಸ್ಯಾನ್ ಆಂಡ್ರಿಯಾಸ್ ಭೂಕಂಪ ಬಿರುಕಿನ ಪಕ್ಕದಲ್ಲೇ, ಉದ್ದನೆಯ ಏರಿ ಕಟ್ಟಬೇಕಿತ್ತು. ಶಾಸನಸಭೆ ಹಣ ಕೊಡಲಿಲ್ಲ. ಅನಂತರ ಬಂದ ಹತ್ತು ವರ್ಷಗಳ ಯೋಜನೆ ಹೆಚ್ಚು ಸಾಧಾರಣ, ಹೆಚ್ಚು ಸಾಧ್ಯ: ಇಡೀ ಸರೋವರವನ್ನು ಬಿಟ್ಟು, ಬತ್ತಿದ ಅಂಚಿನಲ್ಲಿ 29,800 ಎಕರೆಯಷ್ಟು ಕೊಳ ಮತ್ತು ದೂಳು ತಡೆಯ ಕಾಮಗಾರಿ. ನ್ಯೂ ನದಿ ಸರೋವರ ಸೇರುವ ಜಾಗದ ಎರಡೂ ಬದಿಗೆ 4,100 ಎಕರೆಯ ಕೊಳಗಳ ಕೆಲಸ 2021ರಲ್ಲಿ ಶುರುವಾಗಿ, 2025ರಲ್ಲಿ ನೀರು ಹರಿಯತೊಡಗಿತು. ಇಲ್ಲಿ ನದಿಯ ನೀರಿಗೆ ಸರೋವರದಿಂದ ಪಂಪ್ ಮಾಡಿದ ನೀರನ್ನು ಬೆರೆಸಿ ಉಪ್ಪನ್ನು ಲೀಟರಿಗೆ 20ರಿಂದ 40 ಗ್ರಾಂ ನಡುವೆ ಇಡುವ ಉದ್ದೇಶವಿದೆ. ಹತ್ತರಲ್ಲಿ ನಾಲ್ಕು ಪಾಲು ಸರೋವರದ ನೀರು ಹಾಕಿದರೆ ಸರಿಸುಮಾರು 30 ಗ್ರಾಂ ಸಿಗುತ್ತದೆ. ಬರೀ ನದಿನೀರು ಬಿಟ್ಟರೆ ಜೊಂಡು ಬೆಳೆದು ಸೊಳ್ಳೆ ಹೆಚ್ಚುತ್ತದೆ. ಬಸಿನೀರಿನ ಸೆಲೆನಿಯಂ ಮೀನಿನ ಮೂಲಕ ಹಕ್ಕಿಗಳ ಮೊಟ್ಟೆ ಸೇರುವ ಅಪಾಯವೂ ಹೆಚ್ಚು. ಉಪ್ಪೂ ಇಲ್ಲಿ ಹದವಾಗಿ ಬೇಕು.

ನೀರು ಸರಿದ ನೆಲದಲ್ಲಿ ಟ್ರ್ಯಾಕ್ಟರಿನಿಂದ ಗಾಳಿಗೆ ಅಡ್ಡಲಾಗಿ ಆಳದ ಸಾಲು ಹೊಡೆದು, ಹುಲ್ಲಿನ ಪೆಂಡಿ ಇಟ್ಟು, ಗಿಡ ನೆಟ್ಟು ದೂಳು ತಡೆಯುತ್ತಿದ್ದಾರೆ. ಸುತ್ತಲ ಊರುಗಳ ಮಕ್ಕಳಲ್ಲಿ ಉಬ್ಬಸ ಹೆಚ್ಚಾಗಿರುವುದರಿಂದ ಅಲ್ಲಿನವರಿಗೆ ಮೀನಿಗಿಂತ ಇದೇ ದೊಡ್ಡ ಮಾತು. ಇವುಗಳಲ್ಲಿ ಯಾವುದರಿಂದಲೂ ನಡುವಿನ ಸರೋವರದ ಉಪ್ಪು ಇಳಿಯುವುದಿಲ್ಲ. ಕೊಳಗಳಲ್ಲಿ ಮೀನು ಮತ್ತು ಮೀನು ತಿನ್ನುವ ಹಕ್ಕಿಗಳಿಗೆ ಜಾಗ ಮಾಡಿ, ನಡುವಿನದನ್ನು ಉಪ್ಪಿನ ಪಾಲಿಗೆ ಬಿಟ್ಟುಕೊಡಲಾಗುತ್ತಿದೆ. ಅದು ತಕ್ಷಣ ನಿರ್ಜೀವವೇನೂ ಆಗದು: ಅದೇ ರಾಜ್ಯದ ಮೋನೊ ಲೇಕ್‌ನಲ್ಲಿ ಮೀನೇ ಇಲ್ಲ, ಆದರೆ ಉಪ್ಪುಸೀಗಡಿ ಮತ್ತು ಕ್ಷಾರನೊಣಗಳನ್ನು ತಿನ್ನಲು ಗುಳುಮುಳುಕ ಜಾತಿಯ ಹಕ್ಕಿಗಳು ಲಕ್ಷಗಟ್ಟಲೆ ಬರುತ್ತವೆ. ಸಾಲ್ಟನ್ ಸೀ ಆ ಹಂತವನ್ನು ತಲುಪಿ ಅಲ್ಲಿ ಎಷ್ಟು ಕಾಲ ನಿಲ್ಲುತ್ತದೆ ಎಂಬುದು ಆಲಮೊ ಮತ್ತು ನ್ಯೂ ನದಿಗಳಲ್ಲಿ ಮುಂದೆ ಎಷ್ಟು ಬಸಿನೀರು ಉಳಿಯುತ್ತದೆ ಎಂಬುದರ ಮೇಲೆ ನಿಂತಿದೆ.